ಸಾಕಾದವಳು

ದೊಡ್ಡಮ್ಮ ತೊಳೆದು ಕೊಟ್ಟ ತಟ್ಟೆಗಳನ್ನು ಹುಡುಗಿ ಒಂದೊಂದಾಗಿ ಒರೆಸಿಡುತ್ತಿದ್ದಳು. ಪ್ರಾರ್ಥನೆ ಮುಗಿಯುವವರೆಗೆ ಸಂಗವೆಂಬ ಪಂಥದ ಅಡುಗೆಮನೆಯಲ್ಲಿ ಯಾರೂ ತುಟಿ ಬಿಚ್ಚುವಂತಿಲ್ಲ. ನಲ್ಲಿಯ ಸದ್ದು, ಸ್ಟೀಲಿನ ಸದ್ದು, ಅಷ್ಟೇ.

ಸೌಟಮ್ಮ ಬಂದು ಇನ್ನೊಂದು ರಾಶಿ ತಟ್ಟೆಯನ್ನು ಧೊಪ್ಪೆಂದು ಮುಂದಿಟ್ಟಳು. ಅಡುಗೆಮನೆಯ ಯಜಮಾನಿಕೆ ಅವಳದು. ಕೈಯಿಂದ ಸೌಟು ಇಳಿಯದ್ದಕ್ಕೆ ಮಕ್ಕಳಿಟ್ಟ ಹೆಸರು. ಬೆಳಗಿನಿಂದ ಸೊಂಟ ಹಿಡಿದುಕೊಂಡಿದ್ದ ಹುಡುಗಿಯ ಬಾಯಿ ಜಾರಿತು.

"ಅಯ್ಯೋ, ಸಾಕಪ್ಪಾ ಸಾಕು!"

ದೊಡ್ಡಮ್ಮನ ಕೈಯಲ್ಲಿದ್ದ ತಟ್ಟೆ ತೊಟ್ಟಿಗೆ ಬಿತ್ತು.

ಸಂಗದವರ ಮಾತಿನಲ್ಲಿ ನಂಬಿಕೆಯೆಂದರೆ ಹಸಿವು. ಹೊರಗಿನ ಮಂದಿಯೆಲ್ಲ 'ಹಸಿಯದವರು'. ಮೂಲೆಯಂಗಡಿಯವನು ಹಸಿಯದ ಅಂಗಡಿಯವನು, ಹಲ್ಲು ಕೀಳುವವನು ಹಸಿಯದ ಡಾಕ್ಟರು. ಅವರಾದರೂ ವಾಸಿ, ಇವತ್ತಲ್ಲ ನಾಳೆ ಹಸಿದಾರು. ಒಳಗಿದ್ದು ಅನುಮಾನಪಟ್ಟವರು 'ಸಾಕಾದವರು'. ಅವರೊಡನೆ ಮಾತಿಲ್ಲ, ಊಟವಿಲ್ಲ. ಅದಕ್ಕೇ ಸಂಗದಲ್ಲಿ ಹೊಟ್ಟೆ ಬಿರಿದರೂ ಯಾರೂ 'ಸಾಕು' ಅನ್ನುವುದಿಲ್ಲ. ತಟ್ಟೆಗೆ ಕೈ ಅಡ್ಡ ಹಿಡಿಯುತ್ತಾರೆ. ಹೆತ್ತವರಿಲ್ಲದ ಹುಡುಗಿಗೆ ಇದ್ದ ಒಂದೇ ಜೀವ ದೊಡ್ಡಮ್ಮ. ಅವಳು ಒಂದು ದಿನವೂ 'ಸಾಕುಮಗಳು' ಎಂದವಳಲ್ಲ, 'ನನ್ನ ಮಗಳು' ಎನ್ನುತ್ತಿದ್ದಳು. ಅದನ್ನು ಹುಡುಗಿ ಪ್ರೀತಿ ಎಂದುಕೊಂಡಿದ್ದಳು.

"ಏನಂದೆ?" ಸೌಟಮ್ಮನ ದನಿ ಬೆಣ್ಣೆಯಷ್ಟು ಮೆತ್ತಗಿತ್ತು.

"ಸೊಂಟ ನೋಯ್ತಿತ್ತು ಅಮ್ಮಾವ್ರೇ. ಕೆಲಸ ಸಾಕು ಅಂದೆ, ಬೇರೇನಲ್ಲ."

"ನೋಡು, ಇನ್ನೊಂದ್ಸಲ ಅಂದ್ಬಿಟ್ಟೆ! ಎಲ್ರಿಗೂ ಮೊದ್ಲು ಸೊಂಟಕ್ಕೇ ಕಣೇ ಸಾಕಾಗೋದು. ಮನಸ್ಸಿಗೆ ಆಮೇಲೆ." ಸೌಟಮ್ಮ ಪಕ್ಕಕ್ಕೆ ತಿರುಗಿದಳು. "ನಿನ್ನ ಕಥೆ ಏನಮ್ಮಾ? ನಿಂಗೂ ಹಂಗೇನಾ?"

ದೊಡ್ಡಮ್ಮ ಒದ್ದೆ ಕೈಯನ್ನು ಬಟ್ಟೆಗೆ ಒರೆಸಿದಳು, ಒಣಗಿದ ಮೇಲೂ ಒರೆಸಿದಳು. ಹುಡುಗಿಯ ಕಡೆ ನೋಡಲಿಲ್ಲ.

"ನಂಗೆ ಹಸಿವಿದೆ ಅಮ್ಮಾವ್ರೇ."

"ಹಾಗಾದ್ರೆ ಇವತ್ತು ನೀನೇ ಬಡಿಸು," ಎಂದು ಸೌಟಮ್ಮ ಎಂದೂ ಬಿಡದ ಸೌಟನ್ನು ಅವಳ ಕೈಗಿತ್ತಳು.

ಪ್ರಾರ್ಥನೆ ಮುಗಿಸಿದವರು ಉದ್ದನೆಯ ಬೆಂಚುಗಳಲ್ಲಿ ಸಾಲಾಗಿ ಕೂತರು. ಹುಡುಗಿಯೂ ತಾನೇ ಒರೆಸಿದ ತಟ್ಟೆಯೊಂದನ್ನು ಹಿಡಿದು, ಎಂದಿನ ಜಾಗದಲ್ಲಿ ಕೂತಳು. ಎಡಗಡೆಯವಳು ಸರಿದಳು, ಬಲಗಡೆಯವಳೂ ಸರಿದಳು. ಎಡಗಡೆಯ ತಟ್ಟೆ ತುಂಬಿಸಿದ ಸೌಟು ಹುಡುಗಿಯ ತಟ್ಟೆಯ ಮೇಲೆ ಒಂದು ಗಳಿಗೆ ನಿಂತಿತು. ಒಂದು ಹನಿ ಬಿತ್ತು. ಆಮೇಲೆ ಅದು ಬಲಗಡೆಯ ತಟ್ಟೆಗೆ ದಾಟಿತು.

ಹುಡುಗಿ ಮೊದಲು ಮೆಲ್ಲಗೆ ಕರೆದಳು. ದೊಡ್ಡಮ್ಮ ಸಾಲಿನ ತುದಿ ಮುಟ್ಟಿದ್ದಳು. ಎಲ್ಲರೂ ತಲೆ ತಗ್ಗಿಸಿ ಉಣ್ಣುತ್ತಿದ್ದರು. ಎರಡನೆಯ ಸಲ ಇಡೀ ಕೋಣೆಗೆ ಕೇಳಿಸುವಂತೆ ಹೇಳಿದಳು:

"ದೊಡ್ಡಮ್ಮಾ, ಹಸಿವಾಗ್ತಿದೆ. ನಂಗೂ ಬಡಿಸು."