ಗುರುಸ್ವಾಮಿಯ ಮಿದುಳು

"ನಿಮ್ಮ ಹೆಸರು ಹೇಳ್ರಿ."

"ಗುರುಸ್ವಾಮಿ," ಎಂದ ಅವನು, ಗಂಟಲು ಸರಿಮಾಡಿಕೊಂಡು. ಆಪರೇಷನ್ನಿಗೆಂದು ಬಾಯಲ್ಲಿಟ್ಟಿದ್ದ ಕೊಳವೆ ತೆಗೆದು ಇನ್ನೂ ಹೆಚ್ಚು ಹೊತ್ತಾಗಿರಲಿಲ್ಲ. ಪಕ್ಕದಲ್ಲಿ ಹೆಂಡತಿ ವಸಂತಮ್ಮ ಕೈಮುಗಿದುಕೊಂಡೇ ನಿಂತಿದ್ದಳು.

ಗುಂಡಿಗೆಯಿಂದ ಹೊರಡುವ ದೊಡ್ಡ ರಕ್ತನಾಳ ಊದಿಕೊಂಡಿದೆ, ಅದನ್ನು ಬದಲಿಸುವಾಗ ಮೈ ತಣ್ಣಗೆ ಮಾಡಿ ರಕ್ತದ ಓಟ ನಿಲ್ಲಿಸುತ್ತೇವೆ, ಮಿದುಳಿಗೆ ಮಾತ್ರ ಬೇರೆ ದಾರಿಯಲ್ಲಿ ರಕ್ತ ಬಿಡುತ್ತೇವೆ ಎಂದು ಮೈಸೂರಿನ ಈ ಆಸ್ಪತ್ರೆಯವರು ಮೊದಲೇ ಹೇಳಿದ್ದರು. "ಬೋರಲ್ಲಿ ನೀರು ಕಮ್ಮಿಯಾದ್ರೆ ಒಲಕ್ಕೆಲ್ಲ ನಿಲ್ಸಿ ಸಸಿಮಡಿಗೆ ಮಾತ್ರ ಬುಡಾಕಿಲ್ವ, ಅಂಗೆ," ಎಂದು ವಸಂತಮ್ಮ ಊರಿಗೆಲ್ಲ ಫೋನಿನಲ್ಲಿ ವಿವರಿಸಿದ್ದಳು. ಆದರೂ ಅವಳ ಜೀವ ಹೊಡೆದುಕೊಳ್ಳುತ್ತಿತ್ತು. ನೀರು ಕಟ್ಟುವವನು ತೂಕಡಿಸಿದ್ದರೆ? ಗಂಡ ತನ್ನ ಗುರುತೇ ಹಿಡಿಯದೆ ಹೋದರೆ?

"ನಮ್ಮ ಮುಖ್ಯಮಂತ್ರಿ ಯಾರ್ರೀ?" ಮಿದುಳು ನೆಟ್ಟಗಿದೆಯೇ ಎಂದು ಪರೀಕ್ಷಿಸುತ್ತಿದ್ದ ಡಾಕ್ಟರ್ ಮಾಲಿನಿ ಕೇಳಿದರು. ಧಾರವಾಡದವರು, ಈ ಕಡೆಗೆ ಹೊಸಬರು.

"ಯಾವ ಕಡೇವ್ರು?"

ಡಾಕ್ಟರ ಹುಬ್ಬು ಮೇಲೇರಿತು. "ನೀವು ಯಾವ ರಾಜ್ಯದವರು?"

"ಮನೆ ತಮಿಳ್ನಾಡು. ಒಲ ಅರ್ಧ ಅತ್ಲಾಗೆ, ಅರ್ಧ ಇತ್ಲಾಗೆ."

"ಇರ್ಲಿ ಬಿಡ್ರಿ. ದೀಪಾವಳಿಗೆ ಏನ್ ಮಾಡಿದ್ರಿ?"

"ಸಗಣೀಲಿ ಒಡ್ದಾಡ್ದೊ. ನಮ್ಮಣ್ಣನ್ ಬಾಯಿಗೇ ಬಿತ್ತು ಉಂಡೆ."

ಡಾಕ್ಟರ್ ನರ್ಸಿನ ಕಡೆ ತಿರುಗಿ ಪಿಸುಗುಟ್ಟಿದರು. "ತಲಿಗೆ ಒಂದು ಸ್ಕ್ಯಾನ್ ಮಾಡಿಸಿಬಿಡ್ರಿ."

ವಸಂತಮ್ಮ ಕಣ್ಣೀರು ಸುರಿಸುತ್ತಲೇ ನಕ್ಕುಬಿಟ್ಟಳು. "ಅಯ್ಯೋ, ಬ್ಯಾಡಿ ಮೇಡಮ್ಮೋರೆ! ಎಲ್ಲಾ ಸರಿಯಾಗೇ ಏಳವ್ರೆ. ನಮ್ದು ಗುಮಟಾಪುರ, ಗಡಿ ಮೇಲಿರೋ ಊರು. ದೀಪಾವಳಿ ಆದ್ಮೇಲೆ ಬೀರೇಶ್ವರನ್ ಗುಡಿ ತಾವ ಸಗಣಿ ಉಂಡೆ ಎಸ್ದಾಡೋದೇ ನಮ್ಗೆ ಅಬ್ಬ. ಯಾರ್ನ ಕೇಳುದ್ರೂ ಇಂಗೇ ಏಳ್ತರೆ!"

ಡಾಕ್ಟರಿಗೂ ನಗು ತಡೆಯಲಾಗಲಿಲ್ಲ. ಸ್ಕ್ಯಾನ್ ಬೇಡವೆಂದು ನರ್ಸಿಗೆ ಹೇಳಿ ಬಾಗಿಲ ಕಡೆ ಹೊರಟರು. ವಸಂತಮ್ಮ ಮಾದಪ್ಪ ದೇವರಿಗೊಂದು ಕೈ ಮುಗಿದಳು.

ಗುರುಸ್ವಾಮಿ ಅವಳ ಬಾಡಿದ ಮುಖವನ್ನೇ ನೋಡುತ್ತಿದ್ದ. ಮದುವೆಯಾದಂದಿನಿಂದ ಅವಳನ್ನು "ಏಯ್" ಎಂದಲ್ಲದೆ ಕರೆದವನಲ್ಲ. ತಾನು ಉಂಡು ಕೈತೊಳೆದ ಮೇಲೆ ಒಲೆಯ ಕಡೆ ತಿರುಗಿ ನೋಡಿದವನೂ ಅಲ್ಲ.

"ವಸಂತಾ," ಎಂದ ಮೆಲ್ಲಗೆ. "ನೀ ಉಂಡ್ಯಾ?"

ವಸಂತಮ್ಮ ಓಡಿಹೋಗಿ ಡಾಕ್ಟರ ಕೋಟಿನ ತೋಳು ಹಿಡಿದುಕೊಂಡಳು.

"ಮೇಡಮ್ಮೋರೆ, ಆ ಸ್ಕ್ಯಾನು ಮಾಡ್ಸೇಬುಡಿ!"