ಹುಬ್ಬಳ್ಳಿ ಮಾತು

ಮೊದಲ ಏಟು ಬಿದ್ದದ್ದು ಆಸ್ಟ್ರೇಲಿಯಾದ ಬ್ರೋಕನ್ ಹಿಲ್ ಊರು ದಾಟಿದ ಮೇಲೆ. ಶಂಭುಲಿಂಗ ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. ಎಡಗೈಯ ಹಿಂಭಾಗ ಮಾತ್ರ ಪಕ್ಕದ ಸೀಟಿಗೆ ಹಾರಿ, ಹೆಂಡತಿಯ ತುಟಿ ಒಡೆದು, ಮತ್ತೆ ಸ್ಟೇರಿಂಗಿಗೆ ಬಂತು. ಮೋಟರ್‌ಹೋಮ್ ಒಂದಿಷ್ಟೂ ಓಲಾಡಲಿಲ್ಲ. ಅಷ್ಟು ಅಭ್ಯಾಸ.

"ಗ್ಲಾಸ್ ಒರ್ಸಾಕ ಅರಿಬಿ ಕೊಡು ಅಂದ್ರ ಮಿಕಿ ಮಿಕಿ ನೋಡ್ತಿ. ಮದುವ್ಯಾಗಿ ಮೂರು ವರ್ಷ ಆತು. ಒಂದ್ ಶಬ್ದ ಕಲೀಲಿಲ್ಲ, ಹುಚ್ಚಿ!"

"ನಾವು ಬಟ್ಟೆ ಹೇಳುದು," ರೋಶ್ನಿ ರಕ್ತ ನುಂಗಿಕೊಂಡು, ಸ್ಪಷ್ಟವಾಗಿ ಹೇಳಿದಳು. "ನಿಮ್ಮ ಆ ಕನ್ನಡ ನಂಗೆ ಗೊತ್ತಾಗುದಿಲ್ಲ ಶಂಭು."

ಸಿಡ್ನಿಯ ನಾರ್ವೆಸ್ಟ್‌ನ ಆಫೀಸಿನಲ್ಲಿ ಅವನದು ನುಣುಪಾದ ಬೆಂಗಳೂರು ಕನ್ನಡ, ಅರ್ಧ ಇಂಗ್ಲಿಷ್. ಹುಬ್ಬಳ್ಳಿ ಮಾತು ಬಾಗಿಲು ಹಾಕಿದ ಮೇಲೆ, ಕೈಯ ಜೊತೆಗೇ ಹೊರಗೆ ಬರುತ್ತಿತ್ತು. ಊರಿನಿಂದ ಅವನ ತಾಯಿ ರತ್ನವ್ವ ಭಾನುವಾರ ಫೋನ್ ಮಾಡಿದರೆ ಸೊಸೆಯೊಂದಿಗೆ ಅದೇ ಮಾತಿನಲ್ಲಿ ಗಂಟೆಗಟ್ಟಲೆ ಮಾತಾಡುತ್ತಿದ್ದಳು. ರೋಶ್ನಿ ಕಣ್ಣು ಮುಚ್ಚಿ, ಚಿಕ್ಕವಳಿದ್ದಾಗ ಅಜ್ಜಿಯ ಕಥೆಗೆ ಹೂಂಗುಟ್ಟಿದಂತೆ ಹೂಂಗುಡುತ್ತಿದ್ದಳು. ಶಂಭುಲಿಂಗ ನಗುತ್ತಿದ್ದ: "ಅವ್ವಾ, ಗ್ವಾಡಿಗೆ ಹೇಳಾಕತ್ತಿ."

ಆ ಅಜ್ಜಿಯ ಒಂದು ಕಥೆಯಲ್ಲಿ ಹುಲಿಯನ್ನು ಮದುವೆಯಾದ ಹುಡುಗಿಯಿದ್ದಳು. ಹುಲಿ ಹೇಳಿದ್ದನ್ನಷ್ಟೇ ಮಾಡಬೇಕು, ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಹಾಗೆ ಮಾಡಿದ್ದಕ್ಕೇ ಅವಳು ಬದುಕಿದಳು. ಹೇಗೆ ಎನ್ನುವುದು ಬರುವಷ್ಟರಲ್ಲಿ ರೋಶ್ನಿಗೆ ನಿದ್ದೆ ಹತ್ತಿರುತ್ತಿತ್ತು.

ಮೆಲ್ಬರ್ನ್‌ನ ಕ್ಲೇಟನ್‌ನಲ್ಲಿ ಅಕ್ಕ ಶೆರ್ಲಿನ್ ಇದ್ದಳು. ಅಲ್ಲಿಗೆ ಹೋದರೆ ವಾಪಸ್ ಬರುವುದಿಲ್ಲ ಎಂದು ರೋಶ್ನಿ ಸಿಡ್ನಿಯಲ್ಲೇ ಹೇಳಿಬಿಟ್ಟಿದ್ದಳು. ಅವನು ಕೂಗಾಡಲಿಲ್ಲ. ಅಡುಗೆ, ಹಾಸಿಗೆ ಎಲ್ಲ ಒಳಗೇ ಇರುವ ಮೋಟರ್‌ಹೋಮ್ ಬುಕ್ ಮಾಡಿದ. "ನಾನ ಬಿಟ್ಟು ಬರ್ತೀನಿ. ಹೈವೇ ಬ್ಯಾಡ, ಮರುಭೂಮಿ ಹಾಯ್ದು ಹೋಗೂಣು. ಥಂಡಿ ದಿನ, ಯಾರೂ ಇರೂದಿಲ್ಲ."

ಯಾರೂ ಇರಲಿಲ್ಲ. ಕೆಂಪು ಮಣ್ಣು, ಬೂದಿ ಬಣ್ಣದ ಕುರುಚಲು, ಆಗೊಂದು ಈಗೊಂದು ಎಮು ಹಕ್ಕಿ. ಮಧ್ಯಾಹ್ನ ನಿಲ್ಲಿಸಿದಾಗ ರೋಶ್ನಿ ಮುಂದಿನ ಗಾಜನ್ನು ಒರೆಸಿದಳು. ಗಾಜಿಗಂಟಿದ್ದ ಪುಟ್ಟ ಕ್ಯಾಮೆರಾದ ಕಣ್ಣನ್ನೂ ಒರೆಸಿದಳು.

ಸೂರ್ಯ ಮಣ್ಣಿಗೆ ತಾಗುವ ಹೊತ್ತಿಗೆ ಅವನು ಟಾರು ಬಿಟ್ಟು ಗಾಡಿಯನ್ನು ಕಚ್ಚಾ ದಾರಿಗೆ ಇಳಿಸಿದ. ಫೋನಿನ ಸಿಗ್ನಲ್ ಸತ್ತಿತು.

"ಶಂಭು, ಮಿಲ್ಡುರಾ ರೋಡು ಆ ಕಡೆ ಅಲ್ವಾ?"

"ನಿಮ್ಮಕ್ಕನ ಮನೀ ಮುಟ್ಟೂ ಅವಸರ ಭಾಳ ಐತಿ ನಿನಗ."

ಅಷ್ಟರಲ್ಲಿ ಕುರುಚಲಿನಿಂದ ಕಾಂಗರೂ ಹಾರಿತು. ಧಡ್! ಗಾಡಿ ನಿಂತಿತು.

ಪ್ರಾಣಿ ಬಂಪರಿನಡಿ ಸಿಕ್ಕಿಬಿದ್ದು ಒದ್ದಾಡುತ್ತಿತ್ತು. ಶಂಭುಲಿಂಗ ವೀಲ್ ಸ್ಪ್ಯಾನರ್ ಹಿಡಿದು ಇಳಿದ. ತಲೆಗೆ ಬಡಿದ. ಮೂಳೆ ಒಡೆದ ಸದ್ದು ಗಾಜಿನೊಳಗೂ ಕೇಳಿಸಿತು. ತಲೆ ತಲೆಯಾಗಿ ಉಳಿಯದ ಮೇಲೂ ಬಡಿಯುತ್ತಲೇ ಇದ್ದ. ಆಮೇಲೆ ಮುಖದ ರಕ್ತ ಒರೆಸಿಕೊಂಡು, ಸ್ಪ್ಯಾನರನ್ನು ನಿಧಾನಕ್ಕೆ ಗಾಜಿನಾಚೆಯ ಹೆಂಡತಿಯತ್ತ ತೋರಿಸಿ ನಕ್ಕ. ಅಡುಗೆಮನೆಯಲ್ಲಿ ಅವಳು ಎಷ್ಟೋ ಸಲ ನೋಡಿದ್ದ ನಗು.

ಹೆಣ ಜಗ್ಗಿದರೂ ಬರಲಿಲ್ಲ. ಅವಳಿಗೆ ಡ್ರೈವರ್ ಸೀಟಿಗೆ ಸರಿಯಲು ಸನ್ನೆ ಮಾಡಿದ. ಬಂಪರಿನ ಮುಂದೆ ಬಗ್ಗಿ ಬಾಲ ಹಿಡಿದ. ಪ್ರಾಣಿಯ ಹಿಂಗಾಲು ಇನ್ನೂ ಅದುರುತ್ತಿತ್ತು.

"ಹೊಡಿ!"

"ಏನು?" ರೋಶ್ನಿ ಕಿಟಕಿ ಇಳಿಸಿ ಕೇಳಿದಳು.

"ಹೊಡಿ ಅಂದೆ! ಹೊಡಿ, ಹೊಡಿ!"

ಅವಳು ಆಕ್ಸಿಲರೇಟರ್ ಒತ್ತಿದಳು. ಗಾಡಿ ಮುಂದಕ್ಕೆ ಎಗರಿತು. ಎರಡು ಸಲ ಏರಿ, ಎರಡು ಸಲ ಇಳಿಯಿತು.

ಮೂರು ದಿನದ ಮೇಲೆ, ಕ್ಲೇಟನ್ ಬಳಿಯ ಪೊಲೀಸ್ ಠಾಣೆಯಲ್ಲಿ ಡಿಟೆಕ್ಟಿವ್ ಗಾಡಿಯ ಕ್ಯಾಮೆರಾ ಹಿಡಿದಿದ್ದ ಧ್ವನಿಯನ್ನು ಮತ್ತೆ ಮತ್ತೆ ಹಾಕಿದ. ಕನ್ನಡಕ್ಕೆಂದು ಬಂದಿದ್ದ ದುಭಾಷಿ ಹೇಮಲತಾ ಧಾರವಾಡದವಳು. ಕೇಳುತ್ತ ಕೇಳುತ್ತ ಅವಳ ಮುಖ ಬಿಳಿಚಿತು.

"ಅಯ್ಯೋ ದೇವರೇ! ಇದಕ್ಕೆ ಎರಡು ಅರ್ಥ," ಎಂದು ಇಂಗ್ಲಿಷಿನಲ್ಲಿ ವಿವರಿಸಿದಳು. "ಎಲ್ಲ ಕಡೆ ಇದರರ್ಥ ಬಡಿ ಅಂತ. ನಮ್ಮ ಕಡೆ ಮಾತ್ರ ಗಾಡಿ ಓಡಿಸುವುದಕ್ಕೂ ಹೊಡಿ ಅಂತೀವಿ. ಅವರು ಹಿಂದಕ್ಕೆ ತಗೋ ಅಂದದ್ದು."

ಡಿಟೆಕ್ಟಿವ್ ರೋಶ್ನಿಯತ್ತ ತಿರುಗಿದ.

"ಮಂಗಳೂರಲ್ಲಿ ನಾವು ಗಾಡಿ ಬಿಡು ಅಂತೇವೆ," ಎಂದಳು ಅವಳು. "ಕಾಂಗರೂ ಅಲುಗಾಡ್ತಿತ್ತು. ಅದಕ್ಕೆ ಹೊಡಿ ಅಂದರು ಅಂದ್ಕೊಂಡೆ. ಅವರು ಸರೀತಾರೆ ಅಂದ್ಕೊಂಡೆ." ಬೆರಳು ತುಟಿಯ ಗಾಯಕ್ಕೆ ಹೋಯಿತು. "ಆ ಮಾತಿಗೆ ನಮ್ಮನೇಲಿ ಒಂದೇ ಅರ್ಥ ಇದ್ದದ್ದು."

ಹೇಮಲತಾ ಕನ್ನಡಕ ತೆಗೆದು ಕಣ್ಣೊರೆಸಿಕೊಂಡಳು. ಡಿಟೆಕ್ಟಿವ್ ಧ್ವನಿಯನ್ನು ಹಿಂದಕ್ಕೆ ಓಡಿಸಿದ. ಏಟಿನ ಸದ್ದು. 'ಒಂದ್ ಶಬ್ದ ಕಲೀಲಿಲ್ಲ, ಹುಚ್ಚಿ!' 'ನಿಮ್ಮ ಆ ಕನ್ನಡ ನಂಗೆ ಗೊತ್ತಾಗುದಿಲ್ಲ ಶಂಭು.' ಸತ್ತವನ ಬಾಯಿಂದಲೇ ಸಾಕ್ಷಿ. ಒಂದು ಮಾತು ಅಪಾರ್ಥವಾಗಿ ಹೋದ ಜೀವ. ಡಿಟೆಕ್ಟಿವ್ ಎದ್ದು ನಿಂತು, ನೀವಿನ್ನು ಹೋಗಬಹುದು ಎಂದ.

ಹೊರಗೆ ಮೆಲ್ಬರ್ನಿನ ಕೊರೆಯುವ ಗಾಳಿ. ಆಸ್ಪತ್ರೆಯ ಡ್ಯೂಟಿಗೆ ಹೋಗಿದ್ದ ಶೆರ್ಲಿನ್ ತನ್ನ ಕಾರನ್ನು ತಂಗಿಗೆ ಬಿಟ್ಟಿದ್ದಳು. ಹೇಮಲತಾ ತನ್ನ ಶಾಲು ತೆಗೆದು ರೋಶ್ನಿಗೆ ಹೊದಿಸಿದಳು. ಮರುಕದಲ್ಲಿ ಅವಳ ಇಂಗ್ಲಿಷ್ ಕಳಚಿಬಿತ್ತು.

"ತ್ರಾಸ್ ಮಾಡ್ಕೋಬ್ಯಾಡ ತಂಗಿ. ಮನೀ ತನಕ ಗಾಡಿ ಯಾರು ಹೊಡೀತಾರ?"

"ನಾನಽ ಹೊಡೀತೀನ್ರೀ ಅಕ್ಕಾರ," ಎಂದಳು ರೋಶ್ನಿ.