ವಿಮಲಮ್ಮನ ಮೂಗು

"ಇವತ್ತು ಹಲ್ಲು ಮುಚ್ಚಿಯೇ ಬಿಡಿ ಡಾಕ್ಟ್ರೇ, ಆದಿತ್ಯವಾರ ಬೆಳ್ತಂಗಡಿಯಲ್ಲಿ ಮದುವೆ ಉಂಟು," ಎಂದು ಮುಂಡಪ್ಪ ಕುರ್ಚಿಯಲ್ಲಿ ಕೂರುವ ಮೊದಲೇ ಹೇಳಿದ. ಅವನು ನಾಗಸ್ವರದವನು. ಕೊಳೆತದ್ದು ಮೇಲಿನ ಸಾಲಿನ ಎದುರು ಹಲ್ಲು; ಊದುವಾಗ ತುಟಿಗೆ ಹಿಂದಿನಿಂದ ಆಸರೆ ಕೊಡುವ ಹಲ್ಲು. ಅದು ಹೋದರೆ ನಾಗಸ್ವರವೂ ಹೋದ ಹಾಗೆಯೇ. ಕಿತ್ತು ಬಿಸಾಡಲು ಎಲ್ಲರೂ ತಯಾರಿದ್ದರು, ಉಳಿಸಿ ಕೊಡುತ್ತೇನೆ ಎಂದವರು ಮೂಡುಬಿದಿರೆಯ ಜೀವಂಧರ ಡಾಕ್ಟರು ಒಬ್ಬರೇ. ಅದನ್ನು ನಂಬಿ ಅವನು ಪುಂಜಾಲಕಟ್ಟೆಯಿಂದ ಎರಡು ಬಸ್ಸು ಬದಲಾಯಿಸಿ ಬರುತ್ತಿದ್ದ. ಇದು ನಾಲ್ಕನೆಯ ಮಂಗಳವಾರ.

ಡಾಕ್ಟರ ಕ್ರಮವೇ ಹಾಗೆ. ಹಲ್ಲಿನ ಬೇರಿನೊಳಗೆ ಕೂದಲು ತೂರುವಷ್ಟು ಸಣ್ಣ ದಾರಿ. ಸೂಜಿಯಂಥ ಅರ ಹಾಕಿ ಅಲ್ಲಿಯ ಕೊಳೆ ಕೆರೆಯುವುದು, ಸಿರಿಂಜಿನಿಂದ ಕ್ಲೋರಿನ್ ನೀರು ಬಿಟ್ಟು ತೊಳೆಯುವುದು, ಮದ್ದಿನಲ್ಲಿ ಅದ್ದಿದ ಹತ್ತಿಯ ಎಳೆ ಇಟ್ಟು ಸದ್ಯಕ್ಕೆ ಮುಚ್ಚುವುದು. ಮುಂದಿನ ವಾರ ಆ ಎಳೆಯನ್ನು ಹೊರಗೆ ತೆಗೆದು ಮೂಸಿ ನೋಡುವುದು. ಕೊಳೆತ ವಾಸನೆ ಇದ್ದರೆ ಮತ್ತೆ ಮೊದಲಿನಿಂದ; ಬರೀ ಮದ್ದಿನ ವಾಸನೆ ಇದ್ದರೆ ಮಾತ್ರ ಖಾಯಂ ಮುಚ್ಚುವುದು. ಅಲ್ಲಿಯ ತನಕ ನಾಗಸ್ವರ ಮುಟ್ಟಕೂಡದು. ಗಂಟೆಗೆ ಆರು ಹಲ್ಲು ಕೀಳಬಲ್ಲ ಮನುಷ್ಯ ಒಂದೇ ಹಲ್ಲಿಗೆ ಇಷ್ಟು ಮಂಗಳವಾರ ಸುರಿಯುತ್ತಾನೆಂದು ಪೇಟೆಯವರು ನಗುತ್ತಿದ್ದರು. ನಗುವವರು ನಗಲಿ, ಇಂಥ ಕೆಲಸವನ್ನು ಮೆಚ್ಚದೆ ಇನ್ನು ಯಾವುದನ್ನು ಮೆಚ್ಚುವುದು?

ಆ ದಿನ ಮಾತ್ರ ಡಾಕ್ಟರಿಗೆ ವಿಪರೀತ ಶೀತ. ಎಳೆಯನ್ನು ಚಿಮಟದಲ್ಲಿ ಹಿಡಿದು ಎರಡೆರಡು ಸಲ ಮೂಸಿದರು. "ಏನೂ ಗೊತ್ತಾಗುವುದಿಲ್ಲ ಮುಂಡಪ್ಪ. ಬರುವ ವಾರ ನೋಡುವ."

"ಬರುವ ವಾರವಾ! ಈ ಮದುವೆಗೆ ಹೋಗದಿದ್ದರೆ ಆ ಮನೆಯವರು ಇನ್ನು ನನ್ನನ್ನು ಕರೆಯುವುದಿಲ್ಲ. ನೋವಿಲ್ಲ, ಬಾವಿಲ್ಲ. ಮುಚ್ಚಿಬಿಡಿ ಮಾರಾಯ್ರೆ. ಒಳಗೆ ಏನುಂಟು ಅಂತ ಯಾರಿಗೆ ಗೊತ್ತಾಗ್ತದೆ?"

"ಒಳಗೆ ಇರುವುದಕ್ಕೆ ಗೊತ್ತಾಗ್ತದಲ್ಲ! ದಾರಿ ಮುಚ್ಚಿದರೆ ಅದು ಎಲುಬಿಗೆ ಹೋಗ್ತದೆ. ಆಮೇಲೆ ಕೀಳುವುದೇ ಗತಿ."

"ಹಾಗಾದರೆ ನಾನೇ ಮೂಸ್ತೇನೆ, ಕೊಡಿ." ಮುಂಡಪ್ಪ ಮೂಸಿದ, ಮುಖ ಅರಳಿಸಿದ. "ಬರೀ ಮದ್ದಿನ ಪರಿಮಳ ಡಾಕ್ಟ್ರೇ!"

"ಮದುವೆಗೆ ಹೊರಟ ಮೂಗು ಇನ್ನೇನು ಹೇಳ್ತದೆ?" ಎಂದು ಡಾಕ್ಟರು ನಗಲು ಹೋಗಿ ಸೀನಿದರು.

ಮನೆಯ ಕಡೆಯ ಒಳಬಾಗಿಲಲ್ಲಿ ಡಾಕ್ಟರ ತಾಯಿ ವಿಮಲಮ್ಮ ನಿಂತು ಎಲ್ಲವನ್ನೂ ಕೇಳುತ್ತಿದ್ದರು. ಮಿಂದು, ಮಡಿಯುಟ್ಟು ಬಸದಿಗೆ ಹೊರಟಿದ್ದವರು. ಮಗನದು ಎಂಜಲಿನ ಕೆಲಸವೆಂದು ಹನ್ನೊಂದು ವರ್ಷಗಳಲ್ಲಿ ಒಮ್ಮೆಯೂ ಅವರು ಈ ಕೋಣೆಗೆ ಕಾಲಿಟ್ಟಿರಲಿಲ್ಲ. ಮಗನೂ ಮಿಂದ ಮೇಲೆಯೇ ಅಡುಗೆಮನೆಗೆ ಬರಬೇಕು. ಆದರೆ ಮೂಗೆಂದರೆ ಅವರದು ಮೂಗು. ತುಪ್ಪ ಕೆಡಲು ಶುರುವಾದದ್ದನ್ನು ಭರಣಿಯ ಮುಚ್ಚಳ ತೆಗೆಯುವ ಮೊದಲೇ ಹೇಳುತ್ತಿದ್ದರು.

"ಅದನ್ನು ಇಲ್ಲಿ ಕೊಡು," ಎಂದರು.

"ಅಮ್ಮ, ನೀವು ಮಡಿಯಲ್ಲಿ..."

"ಕೊಡು ಅಂದೆ."

ಹೊಸ್ತಿಲು ದಾಟಿ ಬಂದು ಚಿಮಟ ತೆಗೆದುಕೊಂಡರು. ಯಾರೋ ಒಬ್ಬನ ಹಲ್ಲಿನೊಳಗೆ ಒಂದು ವಾರ ಇದ್ದ ಎಳೆಯನ್ನು ಮೂಗಿನ ಹತ್ತಿರ ಹಿಡಿದು ಕಣ್ಣು ಮುಚ್ಚಿದರು. ಮುಂಡಪ್ಪ ಉಸಿರಾಡಲೂ ಹೆದರಿದ.

"ಮದ್ದಿನ ಅಡಿಯಲ್ಲಿ ಇನ್ನೂ ಸ್ವಲ್ಪ ಉಂಟು," ಎಂದರು ವಿಮಲಮ್ಮ.

ಮುಂಡಪ್ಪನ ಮುಖ ಸಣ್ಣದಾಯಿತು. "ಇಲ್ಲ ಅಂತ ಹೇಳಬಹುದಿತ್ತಲ್ಲ ಅಮ್ಮ. ನಿಮ್ಮ ಮಡಿಯೂ ಹೋಯಿತು, ನನ್ನ ಮದುವೆಯೂ ಹೋಯಿತು."

"ನನ್ನದು ಎರಡು ಕೊಡ ನೀರಿನಲ್ಲಿ ಸರಿಯಾಗ್ತದೆ. ನಿನ್ನ ಹಲ್ಲು ಹೋದರೆ ಮತ್ತೆ ಬರ್ತದಾ?"

ಈ ತಾಯಿ ಮಗನ ಮೇಲೆ ಸಿಟ್ಟು ಮಾಡಲು ಮುಂಡಪ್ಪನಿಗೆ ಮನಸ್ಸು ಬರಲಿಲ್ಲ. "ಆದಿತ್ಯವಾರ ಊದಲಿಕ್ಕೆ ತಮ್ಮನನ್ನು ಕಳಿಸ್ತೇನೆ," ಎಂದ. "ಇನ್ನು ಮೇಲೆ ಅವನನ್ನೇ ಕರೆಯುವುದಾದರೆ ಕರೆಯಲಿ." ಹಿಂದಕ್ಕೆ ಒರಗಿ, ಡಾಕ್ಟರು ಕೇಳುವ ಮೊದಲೇ ಬಾಯಿ ತೆರೆದ. ಡಾಕ್ಟರು ಸಿರಿಂಜಿಗೆ ಕ್ಲೋರಿನ್ ನೀರು ತುಂಬಿಸಿಕೊಂಡರು.

ಬಚ್ಚಲಿಗೆ ಹೊರಟಿದ್ದ ವಿಮಲಮ್ಮ ಬಾಗಿಲಲ್ಲಿ ನಿಂತು ತಿರುಗಿ ನೋಡಿದರು.

"ಬರುವ ಮಂಗಳವಾರ ಮೊದಲ ಬಸ್ಸಿಗೇ ಬಾ ಮುಂಡಪ್ಪ. ಇವನ ಶೀತ ವಾಸಿಯಾದರೂ ಸರಿ, ನಿನ್ನ ಎಳೆಯನ್ನು ಮೂಸಿದ ಮೇಲೆಯೇ ನಾನು ಮೀಯುವುದು."